‘ಆಗದು’ ಮತ್ತು ‘ಒಲ್ಲೆ’: ಸಿರಿವಂತರ ತೆರಿಗೆ ಕಡಿತ ಎಷ್ಟು ನ್ಯಾಯ?

ಬಜೆಟ್ ಹತ್ತಿರವಾದಂತೆ ಒಂದು ವಾದ ತಪ್ಪದೆ ಕೇಳಿಬರುತ್ತದೆ. ಸಿರಿವಂತರ ತೆರಿಗೆ ಇಳಿಸಿ. ಅವರು ಹೆಚ್ಚು ದುಡಿಯುತ್ತಾರೆ, ಹೆಚ್ಚು ಬಂಡವಾಳ ಹೂಡುತ್ತಾರೆ, ಉದ್ಯೋಗ ಹುಟ್ಟುತ್ತದೆ, ಬಡವರ ಕೈಗೂ ನಾಲ್ಕು ಕಾಸು ಸೇರುತ್ತದೆ. ಆದ್ದರಿಂದ ತೆರಿಗೆ ಇಳಿಸುವುದೇ ನ್ಯಾಯ. 2019ರ ಸೆಪ್ಟೆಂಬರ್‌ನಲ್ಲಿ ವಿನಾಯಿತಿ ಬಿಟ್ಟುಕೊಡುವ ಕಂಪನಿಗಳ ತೆರಿಗೆ ದರ ಶೇ 22ಕ್ಕೆ ಇಳಿದಾಗ ಈ ಮಾತು ಕೇಳಿತು. 2023ರಲ್ಲಿ ಹೊಸ ತೆರಿಗೆ ಪದ್ಧತಿ ಆಯ್ದುಕೊಂಡ ಭಾರಿ ಆದಾಯದವರ ಸರ್ಚಾರ್ಜ್ ಶೇ 37ರಿಂದ 25ಕ್ಕೆ ಇಳಿದಾಗಲೂ ಕೇಳಿತು. ಓದಿಕೊಂಡವರು ಇದಕ್ಕೆ ತತ್ತ್ವಜ್ಞಾನಿ ಜಾನ್ ರಾಲ್ಸ್ ಅವರ ಹೆಸರನ್ನೂ ಸೇರಿಸುತ್ತಾರೆ. ತತ್ತ್ವಶಾಸ್ತ್ರದಲ್ಲಿ ಇದು ‘ಪ್ರೋತ್ಸಾಹದ ವಾದ’. ಅದರ ಕೊನೆಯ ಹೆಜ್ಜೆ, ಅಂದರೆ ‘ಆದ್ದರಿಂದ ನ್ಯಾಯ’ ಎಂಬ ತೀರ್ಮಾನ, ತಪ್ಪು.

ರಾಲ್ಸ್ ಅಷ್ಟು ಅಗ್ಗದ ಮಾತು ಆಡಲಿಲ್ಲ. 1971ರಲ್ಲಿ ಅವರು ಮಂಡಿಸಿದ ‘ವ್ಯತ್ಯಾಸದ ತತ್ತ್ವ’ದ ಪ್ರಕಾರ, ಅಸಮಾನತೆಯನ್ನು ಒಪ್ಪಬೇಕಾದರೆ ಅದು ಸಮಾಜದ ಕಟ್ಟಕಡೆಯವರ ಸ್ಥಿತಿಯನ್ನು ಬೇರಾವ ಏರ್ಪಾಡಿಗಿಂತಲೂ ಹೆಚ್ಚು ಉತ್ತಮಗೊಳಿಸಬೇಕು. ‘ಬಡವರಿಗೂ ಏನೋ ಸಿಕ್ಕಿತಲ್ಲ’ ಎಂಬುದು ಸಾಲದು. 2019ರ ಆ ದಿನದ ಘೋಷಣೆಗಳಿಂದ 1.45 ಲಕ್ಷ ಕೋಟಿ ರೂಪಾಯಿ ವರಮಾನ ಕೈತಪ್ಪುತ್ತದೆಂದು ಸರ್ಕಾರವೇ ಅಂದಾಜಿಸಿತ್ತು. ಅದೇ ಹಣ ಸರ್ಕಾರಿ ಆಸ್ಪತ್ರೆಗಳಿಗೂ ಶಾಲೆಗಳಿಗೂ ಹೋಗಿದ್ದರೆ ಕೆಳಗಿನವರಿಗೆ ಹೆಚ್ಚು ಒಳಿತಾಗುತ್ತಿತ್ತೇ? ರಾಲ್ಸ್ ಹೆಸರು ಹೇಳುವವರು ಮೊದಲು ಈ ಲೆಕ್ಕ ಕೊಡಬೇಕು. 18 ಶ್ರೀಮಂತ ದೇಶಗಳ ಐವತ್ತು ವರ್ಷಗಳ ತೆರಿಗೆ ಕಡಿತಗಳನ್ನು ಅಧ್ಯಯನ ಮಾಡಿದ ಡೇವಿಡ್ ಹೋಪ್ ಮತ್ತು ಜೂಲಿಯನ್ ಲಿಂಬರ್ಗ್ ಕಂಡದ್ದು ಇದು: ಮೇಲಿನವರ ಪಾಲು ಹಿಗ್ಗಿತು, ಆರ್ಥಿಕ ಬೆಳವಣಿಗೆಯ ಮೇಲಾಗಲಿ ನಿರುದ್ಯೋಗದ ಮೇಲಾಗಲಿ ಹೇಳಿಕೊಳ್ಳುವಂಥ ಪರಿಣಾಮ ಆಗಲಿಲ್ಲ.

ಅಂಕಿಅಂಶದ ಜಗಳವನ್ನು ಬದಿಗಿಟ್ಟು, ಕಡಿತದಿಂದ ಬಡವರಿಗೆ ನಿಜಕ್ಕೂ ಲಾಭವಾಗುತ್ತದೆ ಎಂದೇ ಇಟ್ಟುಕೊಳ್ಳೋಣ. ಆಗಲಾದರೂ ಅದು ನ್ಯಾಯವೇ? ಇದನ್ನು ಪಟ್ಟುಹಿಡಿದು ಕೇಳಿದವರು ಜಿ.ಎ. ಕೊಹೆನ್. ಮಾಂಟ್ರಿಯಲ್‌ನ ಕಮ್ಯುನಿಸ್ಟ್ ಕಾರ್ಮಿಕ ಕುಟುಂಬದಲ್ಲಿ ಹುಟ್ಟಿ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾದವರು. 1988ರ ಮಾರ್ಚ್‌ನಲ್ಲಿ ಥ್ಯಾಚರ್ ಸರ್ಕಾರದ ಹಣಕಾಸು ಸಚಿವ ನೈಜೆಲ್ ಲಾಸನ್ ಬ್ರಿಟನ್ನಿನ ಅತ್ಯುನ್ನತ ಆದಾಯ ತೆರಿಗೆ ದರವನ್ನು ಶೇ 60ರಿಂದ ಒಮ್ಮೆಗೇ 40ಕ್ಕೆ ಇಳಿಸಿದರು. ವಿರೋಧ ಪಕ್ಷದವರ ಗದ್ದಲದಿಂದ ಸದನದ ಕಲಾಪ ಕೆಲಹೊತ್ತು ನಿಂತಿತು. ಆ ಕಡಿತವನ್ನೇ ಎದುರಿಗಿಟ್ಟುಕೊಂಡು ಕೊಹೆನ್ 1991ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಉಪನ್ಯಾಸ ನೀಡಿದರು.

ಅವರು ಕೊಟ್ಟ ಹೋಲಿಕೆ ಕಟುವಾದದ್ದು. ಮಕ್ಕಳು ತಂದೆತಾಯಿಯ ಬಳಿ ಇರಬೇಕು. ಹಣ ಕೊಡದಿದ್ದರೆ ಅಪಹರಣಕಾರ ಈ ಮಗುವನ್ನು ಬಿಡುವುದಿಲ್ಲ. ಆದ್ದರಿಂದ ಹಣ ಕೊಡಬೇಕು. ತರ್ಕದಲ್ಲಿ ಲೋಪವಿಲ್ಲ. ಇದೇ ಮಾತನ್ನು ಸ್ನೇಹಿತರೊಬ್ಬರು ತಂದೆತಾಯಿಗೆ ಹೇಳಿದರೆ ಅದು ಸಲಹೆ. ಅಪಹರಣಕಾರನೇ ಹೇಳಿದರೆ? ‘ನಾನು ಬಿಡುವುದಿಲ್ಲ’ ಎಂಬ ಎರಡನೆಯ ಮಾತನ್ನು ನಿಜ ಮಾಡುತ್ತಿರುವವನು ಅವನೇ. ಸಿರಿವಂತರು ಅಪಹರಣಕಾರರೆಂದು ಕೊಹೆನ್ ಹೇಳುತ್ತಿಲ್ಲ. ಒಂದು ವಾದ ಹೇಗೆ ನಿಲ್ಲುತ್ತದೆ ಎಂಬುದು ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದರ ಮೇಲೂ ಇದೆ ಎಂಬುದಷ್ಟೇ ಅವರ ಮಾತಿನ ಸಾರ. ‘ತೆರಿಗೆ ಏರಿದರೆ ಪ್ರತಿಭಾವಂತರು ಕಡಿಮೆ ದುಡಿಯುತ್ತಾರೆ’ ಎಂದು ಅರ್ಥಶಾಸ್ತ್ರಜ್ಞರು ಹೇಳಬಹುದು. ಆ ಪ್ರತಿಭಾವಂತರೇ ಬಡವರ ಎದುರು ಕುಳಿತು ‘ತೆರಿಗೆ ಏರಿದರೆ ನಾವು ಕಡಿಮೆ ದುಡಿಯುತ್ತೇವೆ, ಅದರಿಂದ ನಿಮಗೇ ನಷ್ಟ’ ಎಂದರೆ ‘ಯಾಕೆ ಕಡಿಮೆ ದುಡಿಯುತ್ತೀರಿ?’ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಅವರು ಉತ್ತರ ಕೊಡಲೇಬೇಕು.

ಉತ್ತರ ಎರಡು ಬಗೆಯದಾಗಿರಬಹುದು: ಆಗದು, ಇಲ್ಲವೇ ಒಲ್ಲೆ. ಇಡೀ ಚರ್ಚೆ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಜಿಲ್ಲಾ ಕೇಂದ್ರದ ಒಬ್ಬ ಸರ್ಜನ್ ತೆರಿಗೆ ಶೇ 40 ಇದ್ದರೆ ವಾರಕ್ಕೆ ಎರಡು ಆಪರೇಷನ್ ಹೆಚ್ಚು ಮಾಡುತ್ತಾರೆ, ಶೇ 60 ಆದರೆ ಮಾಡುವುದಿಲ್ಲ ಎನ್ನೋಣ. ಆ ಹೆಚ್ಚುವರಿ ಕೆಲಸ ಅವರ ಮೈಮನಸ್ಸುಗಳನ್ನು ಬೇರೆಯವರಿಗಿಂತ ಹೆಚ್ಚು ದಣಿಸುತ್ತಿದ್ದರೆ, ಆ ದಣಿವಿಗೆ ಹೆಚ್ಚು ಕೊಡುವುದು ಸಮಾನತೆಗೆ ವಿರುದ್ಧವಲ್ಲ. ಹೆಚ್ಚಿನ ಹೊರೆಗೆ ಹೆಚ್ಚಿನ ಪರಿಹಾರ, ಅಷ್ಟೇ. (ಈ ನಿಯಮವನ್ನು ಪ್ರಾಮಾಣಿಕವಾಗಿ ಅನ್ವಯಿಸಿದರೆ ಮೊದಲು ಏರಬೇಕಾದದ್ದು ಪೌರಕಾರ್ಮಿಕರ ಸಂಬಳ.) ತೆರಿಗೆ ಕಟ್ಟಿದ ಮೇಲೆ ಓದಿನ ಸಾಲ ತೀರಿಸಲೂ ಹಣ ಉಳಿಯದಿದ್ದರೆ ಅದೂ ‘ಆಗದು’ ಎಂಬ ಕಡೆಗೇ ಸೇರುತ್ತದೆ. ಆದರೆ ಕೆಲಸ ಅವರಿಗೆ ಇಷ್ಟ, ಶೇ 60 ಕಟ್ಟಿದ ಮೇಲೂ ಬದುಕು ಸುಖವಾಗಿದೆ, ಕೇಳಿದರೆ ಸಿಗುತ್ತದೆಂದು ಹೆಚ್ಚು ಕೇಳುತ್ತಿದ್ದಾರೆ ಎಂದಾದರೆ? ಅದು ‘ಒಲ್ಲೆ’. ಸಾರ್ವಜನಿಕ ಚರ್ಚೆಯಲ್ಲಿ ಈ ‘ಒಲ್ಲೆ’ಯೇ ‘ಆಗದು’ ಎಂಬ ವೇಷ ತೊಟ್ಟು ಬರುತ್ತದೆ. ಅರ್ಥವ್ಯವಸ್ಥೆಯ ನಿಯಮ ಎಂದು ನಾವು ಕರೆಯುವುದು ಎಷ್ಟೋ ಸಲ ಕೆಲವರ ಆಯ್ಕೆ ಮಾತ್ರ.

ಇಲ್ಲಿ ತತ್ತ್ವಜ್ಞಾನಿ ರಾಬರ್ಟ್ ನೋಜಿಕ್ ಅವರ ಅನುಯಾಯಿಗಳು ಎದ್ದು ನಿಲ್ಲುತ್ತಾರೆ: ಒಲ್ಲೆ ಎನ್ನಲು ಅವರಿಗೆ ಹಕ್ಕಿಲ್ಲವೇ? 1974ರಲ್ಲಿ ನೋಜಿಕ್ ದುಡಿಮೆಯ ಮೇಲಿನ ತೆರಿಗೆಯನ್ನು ಬಿಟ್ಟಿ ಚಾಕರಿಗೆ ಸಮವೆಂದರು. ಬಿಟ್ಟಿ ಚಾಕರಿಯಲ್ಲಿ ಬದುಕು ಸವೆಸಿದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇರುವ ನಾಡಿನಲ್ಲಿ ಈ ಹೋಲಿಕೆ ನನಗೆ ನೋವು ತರುತ್ತದೆ. ಚಾಕರಿಯವನಿಗೆ ಎಲ್ಲಿ, ಎಷ್ಟು, ಯಾರಿಗಾಗಿ ದುಡಿಯಬೇಕೆಂಬ ಆಯ್ಕೆ ಇರಲಿಲ್ಲ; ತೆರಿಗೆ ಕಟ್ಟುವವರಿಗೆ ಅದೆಲ್ಲ ಇದೆ. ಅದಕ್ಕಿಂತ ಆಳದ ತಪ್ಪು, ತೆರಿಗೆಗೆ ಮುಂಚಿನ ಆದಾಯ ಪೂರ್ತಿ ‘ನನ್ನದು’ ಎಂದು ಭಾವಿಸುವುದು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ರೂಪಿಸಿದ್ದು ರಾಜ್ಯ ಸರ್ಕಾರದ ಕಿಯೋನಿಕ್ಸ್. ಅಲ್ಲಿ ಎದ್ದ ಸಂಪತ್ತಿನ ಹಿಂದೆ ಸಾರ್ವಜನಿಕ ಜಮೀನಿದೆ, ಜನರ ತೆರಿಗೆಯಿಂದ ನಡೆದ ಕಾಲೇಜುಗಳಿವೆ, ಕರಾರುಗಳನ್ನು ಕಾಯುವ ನ್ಯಾಯಾಲಯಗಳಿವೆ. ಇವೆಲ್ಲ ಇಲ್ಲದೆ ಆ ಆದಾಯವೇ ಇರುತ್ತಿರಲಿಲ್ಲ. ತೆರಿಗೆ ಹೊರಗಿನಿಂದ ಬಂದು ಕಸಿದುಕೊಳ್ಳುವ ಕೈಯಲ್ಲ. ಯಾವುದು ಯಾರದೆಂದು ಗೊತ್ತುಮಾಡುವ ಏರ್ಪಾಡಿನದೇ ಒಂದು ಭಾಗ. ಒಲ್ಲೆ ಎನ್ನುವ ಹಕ್ಕು ಇರಲಿ. ಬಲವಂತದಿಂದ ಯಾರನ್ನೂ ದುಡಿಸಬಾರದೆಂದು ಕೊಹೆನ್ ಅವರೂ ಒಪ್ಪುತ್ತಾರೆ. ಹಕ್ಕಿದೆ ಎಂದ ಮಾತ್ರಕ್ಕೆ ಅದನ್ನು ಬಳಸಿದ ರೀತಿ ನ್ಯಾಯವಾಗಿಬಿಡುವುದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಸರ್ಕಾರ ಮನುಷ್ಯರು ಇರುವ ಹಾಗೇ ಅವರೊಂದಿಗೆ ವ್ಯವಹರಿಸಬೇಕು. ಬಂಡವಾಳ ದುಬೈಗೋ ಸಿಂಗಪುರಕ್ಕೋ ಹೊರಟರೆ ಹಣಕಾಸು ಸಚಿವರು ತತ್ತ್ವ ಹೇಳಿಕೊಂಡು ಕೂರಲಾಗದು. ನಿಜ. ತಂದೆತಾಯಿ ಹಣ ಕೊಟ್ಟು ಮಗುವನ್ನು ಬಿಡಿಸಿಕೊಳ್ಳಬೇಕು, ಬೇರೆ ದಾರಿಯಿಲ್ಲ. ಆದರೆ ಹಾಗೆ ಕೊಟ್ಟದ್ದನ್ನು ಯಾರೂ ನ್ಯಾಯವಾದ ಸಂಭಾವನೆ ಎನ್ನುವುದಿಲ್ಲ. ಅನಿವಾರ್ಯತೆ ಒಂದು, ನ್ಯಾಯ ಇನ್ನೊಂದು. ಎರಡನ್ನೂ ಬೆರೆಸಿದರೆ ಅನಿವಾರ್ಯತೆಯನ್ನು ಕಡಿಮೆ ಮಾಡುವ ಪ್ರಯತ್ನವೇ ನಿಂತುಹೋಗುತ್ತದೆ. ಬಂಡವಾಳ ಎಲ್ಲಿ ಅಡಗಿದರೂ ತೆರಿಗೆ ತಪ್ಪದಂತೆ ದೇಶಗಳು ಒಪ್ಪಂದ ಮಾಡಿಕೊಳ್ಳಬಹುದು. 2015ರಲ್ಲಿ ರದ್ದಾದ ಸಂಪತ್ತು ತೆರಿಗೆಯನ್ನು ಬೇರೆ ರೂಪದಲ್ಲಿ ತರಬಹುದು. ಆದರೆ ಈಗಿನ ಸ್ಥಿತಿಯೇ ನ್ಯಾಯವೆಂದು ನಂಬಿದವರು ಇವನ್ನು ಯೋಚಿಸುವುದೂ ಇಲ್ಲ.

ತೆರಿಗೆ ಇಳಿಸುವುದು ಜಾಣತನ ಎನ್ನುವವರು ಅಂಕಿಅಂಶ ಇಟ್ಟುಕೊಂಡು ವಾದಿಸಲಿ, ಕೇಳೋಣ. ಅದು ನ್ಯಾಯ ಎನ್ನುವವರು ಮಾತ್ರ ಅದೇ ಮಾತನ್ನು ದಿನಗೂಲಿಯವರ ಎದುರು, ‘ಅವರು’ ಎಂಬುದನ್ನು ‘ನಾವು’ ಎಂದು ಬದಲಿಸಿ ಹೇಳಬೇಕು. ಅಲ್ಲಿ ನಿಲ್ಲದ ವಾದ ಸಂಸತ್ತಿನಲ್ಲೂ ನ್ಯಾಯದ ಹೆಸರಿನಲ್ಲಿ ನಿಲ್ಲಬಾರದು.