ಕೆರೆ ಬಂತು

ಎದುರಿಗೆ ಕುಳಿತವರ ಮುಖವನ್ನು ದಿಟ್ಟಿಸುವುದು ಸಭ್ಯತೆಯಲ್ಲವೆಂದು ನನಗೆ ಗೊತ್ತು. ಆದರೆ ನಮ್ಮ ಬೆಂಗಳೂರಿನ ಮೆಟ್ರೊ ರೈಲು ನೆಲದಡಿಗೆ ಇಳಿಯಿತೆಂದರೆ ಕಣ್ಣಿಗೆ ಬೇರೆ ಗತಿಯಿಲ್ಲ. ಬಯಲ ರೈಲಿನಲ್ಲಾದರೆ ಗದ್ದೆ, ತೆಂಗು, ಎಮ್ಮೆ, ಏನಾದರೊಂದು ಸಿಗುತ್ತದೆ. ಇಲ್ಲಿ ಗಾಜಿನಾಚೆ ಕತ್ತಲು, ಗಾಜಿನ ಮೇಲೆ ನಮ್ಮದೇ ಮುಖ. ಅದಕ್ಕಿಂತ ಅನ್ಯರ ಮುಖವೇ ಮೇಲು.

ಮೊನ್ನೆ ನನ್ನೆದುರಿಗೆ ಒಬ್ಬ ವೃದ್ಧರು ಕುಳಿತಿದ್ದರು. ತೊಡೆಯ ಮೇಲೆ ಬಟ್ಟೆಯ ಚೀಲ, ಪಕ್ಕದಲ್ಲಿದ್ದವಳು ಮೊಮ್ಮಗಳಿರಬೇಕು. ಮೆಜೆಸ್ಟಿಕ್ ಬರುವುದೆಂದು ಧ್ವನಿವರ್ಧಕ ಸಾರುತ್ತಲೇ ಅವರು ಚೀಲವನ್ನೆತ್ತಿಕೊಂಡು, “ಏಳವ್ವ, ಕೆರೆ ಬಂತು” ಎಂದರು. ನಿಂತಿದ್ದ ಹುಡುಗರು ಮುಸಿಮುಸಿ ನಕ್ಕರು. ಅರುಳುಮರುಳು ಎಂದುಕೊಂಡು ನಾನೂ ನಕ್ಕೆ. ಹುಡುಗಿ ತಲೆ ತಗ್ಗಿಸಿದಳು. ಬಾಗಿಲು ತೆರೆಯಿತು, ಇಬ್ಬರೂ ಇಳಿದು ಜನದಲ್ಲಿ ಕರಗಿದರು.

ರೈಲು ಹೊರಟ ಮೇಲೆ ನನಗೆ ಹೊಳೆಯಿತು. ಅದು ಕೆರೆಯೇ! ಕೆಂಪೇಗೌಡರ ಧರ್ಮಾಂಬುಧಿ, ಪೇಟೆಗೆ ನೀರುಣಿಸಿದ ಕೆರೆ. 1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬಂದಿತು. ಊರಿಗೆ ಕೆರೆಯ ಹಂಗು ತಪ್ಪಿತು. ಹಂಗು ತಪ್ಪಿದ ಮೇಲೆ ಅದರ ಯೋಗಕ್ಷೇಮ ಯಾರಿಗೆ ಬೇಕು? ಬತ್ತಿದ ಅಂಗಳದಲ್ಲಿ ಬಸ್ಸುಗಳು ನಿಂತವು. ಅದರಡಿಯನ್ನು ಅಗೆದು 2016ರಲ್ಲಿ ರೈಲು ಹರಿಸಿದೆವು. ಪಕ್ಕದ ರಸ್ತೆಗೆ ಮಾತ್ರ ಇಂದಿಗೂ ಟ್ಯಾಂಕ್ ಬಂಡ್ ರಸ್ತೆಯೆಂದೇ ಹೆಸರು. ಇಷ್ಟನ್ನೂ ತರಗತಿಯಲ್ಲಿ ಹುಡುಗರಿಗೆ ಎಷ್ಟೋ ಸಲ ಹೇಳಿದವನು ನಾನು.

ಅಷ್ಟಕ್ಕೂ ಮೆಜೆಸ್ಟಿಕ್ ಎಂದರೇನು? ಕೆಡವಿಹೋದ ಒಂದು ಚಿತ್ರಮಂದಿರದ ಹೆಸರು. ಇಲ್ಲದ ಚಿತ್ರಮಂದಿರದ ಹೆಸರು ಹೇಳಿ ಇಳಿಯುವವರೆಲ್ಲ ಜಾಣರು. ಇಲ್ಲದ ಕೆರೆಯ ಹೆಸರು ಹೇಳಿ ಇಳಿದವರು ಮರುಳರು!

ತಿಳಿಯದೆ ನಕ್ಕ ಹುಡುಗರನ್ನು ನಾನು ದೂರಲಾರೆ. ತಿಳಿದೂ ನಕ್ಕವನ ಮಾತು ಬೇರೆ. ಪುಸ್ತಕದಲ್ಲಿ ಕಂಡಾಗ ಇತಿಹಾಸವೆಂದು ಕೈಮುಗಿದದ್ದು, ಎದುರಿಗಿದ್ದ ಮುದುಕರ ಬಾಯಲ್ಲಿ ಬಂದಾಗ ಬುದ್ಧಿಭ್ರಮೆಯಾಗಿ ಕೇಳಿಸಿತೇಕೆ? ಅವರ ವಯಸ್ಸಿನಿಂದಲೋ, ಆ ಚೀಲದಿಂದಲೋ? ತುಂಬಿದ ಕೆರೆಯನ್ನು ಅವರೂ ಕಂಡಿರಲಾರರು. ತಾಯಿಯೋ ಅಜ್ಜಿಯೋ ಆಡುತ್ತಿದ್ದ ಮಾತಿರಬೇಕು. ಅದನ್ನು ಮೊಮ್ಮಗಳ ಕೈಗೆ ದಾಟಿಸುತ್ತಿದ್ದರು. ನಡುವೆ ನನ್ನ ನಗು ಬಂತು. ಆ ಮಗು ಇನ್ನು ಆ ಮಾತನ್ನು ನಾಲ್ಕು ಜನರ ಮುಂದೆ ಆಡುವಳೆ?

ಮುಂದಿನ ನಿಲ್ದಾಣದಲ್ಲಿ ಇಳಿದು, ಎದುರು ರೈಲು ಹಿಡಿದು ಹಿಂದಕ್ಕೆ ಬಂದೆ. ಧರ್ಮಾಂಬುಧಿಯ ಅಂಗಳದ ತುಂಬ ಜನ. ಬಟ್ಟೆಯ ಚೀಲಗಳೂ ಹಲವಿದ್ದವು. ಅವರಿಬ್ಬರು ಕಾಣಲಿಲ್ಲ.