ಗಟ್ಟಿಯೋ, ಮೆತ್ತಗೋ?

ನೆಂಟರು ತುಂಬಿದ ಮನೆಯಲ್ಲಿ ಒಮ್ಮೆ ಕೇಳಿ ನೋಡಿ: ಮೈಸೂರುಪಾಕು ಗಟ್ಟಿಯಾಗಿರಬೇಕೋ, ಬಾಯಲ್ಲಿಟ್ಟ ಕೂಡಲೇ ಕರಗಬೇಕೋ? ಚುನಾವಣೆಗೊಂದು ಪಕ್ಷ ಹಿಡಿಯುವ ಭಾವನವರೂ, ಸೈಟು-ಸಂಬಂಧಗಳ ಮಾತಿನಲ್ಲಿ "ನೀವು ಹೇಳಿದ ಹಾಗೇ ಆಗಲಪ್ಪ" ಎನ್ನುವ ದೊಡ್ಡಮ್ಮನೂ ಇಲ್ಲಿ ಮಾತ್ರ ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ. "ಅದೇನು ಮೈಸೂರುಪಾಕೇ? ತುಪ್ಪದ ಮುದ್ದೆ" ಎಂದು ಒಬ್ಬರು. "ನಿಮ್ಮದು ಇಟ್ಟಿಗೆ ಬಿಡಿ" ಎಂದು ಇನ್ನೊಬ್ಬರು.

ಸೋಜಿಗವೆಂದರೆ ಎರಡಕ್ಕೂ ಸಾಮಾನು ಒಂದೇ: ಕಡಲೆಹಿಟ್ಟು, ಸಕ್ಕರೆ, ತುಪ್ಪ. ಸಕ್ಕರೆ ಎಳೆಪಾಕಕ್ಕೆ ಬಂದಾಗ ಹಿಟ್ಟು ಬೆರೆಸಿ, ಕಾದ ತುಪ್ಪವನ್ನು ಸೌಟು ಸೌಟಾಗಿ ಹುಯ್ಯುತ್ತ ಹೋದರೆ, ಪಾಕದಲ್ಲಿ ಉಳಿದ ನೀರು ಭುಸ್ಸೆಂದು ಆವಿಯಾಗಿ ನೊರೆಯೇಳುತ್ತದೆ. ಆ ನೊರೆ ಹಾಗೇ ಬಿಗಿದುಕೊಂಡಾಗ ಉಳಿಯುವುದೇ ಆ ಸಣ್ಣ ಸಣ್ಣ ತೂತುಗಳು. ತಟ್ಟೆಗೆ ಸುರಿದ ಮೇಲೂ ನಡುವಿನ ಬಿಸಿ ಬೇಗ ಆರದು. ಅಲ್ಲೇ ಇನ್ನಷ್ಟು ಬೆಂದು ತುಂಡಿನ ಒಡಲಲ್ಲಿ ಕಂದು ಪಟ್ಟಿ ಮೂಡುತ್ತದೆ. ತುಪ್ಪ ಹೆಚ್ಚಿಸಿ, ಸ್ವಲ್ಪ ಮುಂಚೆ ಇಳಿಸಿದರೆ ಗೂಡು ಕಟ್ಟದೆ ಮೆತ್ತಗಾಗುತ್ತದೆ. ಒಲೆಯ ಮೇಲಿನ ಕೆಲವೇ ನಿಮಿಷಗಳ ಅಂತರದಲ್ಲಿ ಎರಡು ಮತಗಳು ಹುಟ್ಟಿಬಿಟ್ಟಿವೆ!

1940ರವರೆಗೆ ಆಳಿದ ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಬಾಣಸಿಗರಾಗಿದ್ದ ಕಾಕಾಸುರ ಮಾದಪ್ಪನವರು ಇದನ್ನು ಮೊದಲು ಮಾಡಿದರೆಂಬುದು ಪ್ರತೀತಿ. ಎರಡೂ ಕಡೆಯವರು ಅವರನ್ನೇ ಸಾಕ್ಷಿಗೆ ಕರೆಯುತ್ತಾರೆ. ಬಿಸಿಬಿಸಿಯಾಗಿ ಬಡಿಸಿದರಂತೆ, ಅಂದಮೇಲೆ ಮೆತ್ತಗಿತ್ತು ಎಂದು ಇವರು. ಆರಿದಾಗ ಗಟ್ಟಿಯಾಯಿತಂತೆ, ಮುಗಿಯಿತಲ್ಲ ಎಂದು ಅವರು.

ಇಷ್ಟು ಸಣ್ಣದಕ್ಕೆ ಇಷ್ಟೊಂದು ಹಟವೇಕೆ? ನಮ್ಮ ದೊಡ್ಡ ಅಭಿಪ್ರಾಯಗಳು ಬಹುಪಾಲು ಕಡ ತಂದವು. ಪತ್ರಿಕೆಯದು, ಟೀವಿಯದು, ಯಾರೋ ಮುಖಂಡರದು. ಕೊಟ್ಟವರು ಮಾತು ಬದಲಿಸಿದರೆ ನಾವೂ ಸದ್ದಿಲ್ಲದೆ ಬದಲಿಸುತ್ತೇವೆ. ರುಚಿಯ ವಿಷಯಕ್ಕೆ ಬಂದಾಗ ನಮ್ಮ ನಾಲಗೆಯೇ ನ್ಯಾಯಾಧೀಶ, ಮೇಲ್ಮನವಿಗೆ ಅವಕಾಶವಿಲ್ಲ. ಇದೊಂದಾದರೂ ಸ್ವಯಾರ್ಜಿತ ಎಂಬ ಹೆಮ್ಮೆ! ಆದರೆ ಕೆದಕಿದರೆ ಅದೂ ಪಿತ್ರಾರ್ಜಿತವೇ. ರಾಗಿಮುದ್ದೆಯನ್ನು ಹಲ್ಲಿಗೆ ತಾಗಿಸದೆ ನುಂಗಬೇಕೆಂದು ನಾವ್ಯಾರೂ ಯೋಚಿಸಿ ತೀರ್ಮಾನಿಸಿದವರಲ್ಲ. ತೊಡೆಯ ಮೇಲೆ ಕೂರಿಸಿಕೊಂಡು ಉಣ್ಣಿಸಿದವರು ಹಾಗೆ ಹೇಳಿಕೊಟ್ಟರು. ಅಗಿಯುವವರನ್ನು ಕಂಡರೆ ಇಂದಿಗೂ ಮರುಕ. ಕಾಫಿಗೆ ಚಿಕೋರಿ ಎಷ್ಟು ಬೆರೆಸಬೇಕೆಂಬ ಜಗಳವೂ ಇದೇ ಜಾತಿಯದು. ಪಾಕು ಮೆತ್ತಗಿರಬೇಕು ಎಂದವರು ನನ್ನ ಅಜ್ಜಿಯ ಕೈಗುಣವನ್ನೇ ಪ್ರಶ್ನಿಸಿದಂತೆ ನನಗೆ ಕೇಳಿಸುತ್ತದೆ. ಅವರಿಗೂ ಒಬ್ಬ ಅಜ್ಜಿ ಇದ್ದಿರಬಹುದು ಎಂಬುದು ಆ ಹೊತ್ತಿಗೆ ಹೊಳೆಯುವುದೇ ಇಲ್ಲ.

ಇಷ್ಟೆಲ್ಲ ಯೋಚಿಸಿಯೂ ನನ್ನ ತೀರ್ಪು ಬದಲಾಗಿಲ್ಲ. ಮೆತ್ತಗಿರುವುದೂ ರುಚಿಯೇ, ಕೊಟ್ಟರೆ ಬೇಡವೆನ್ನುವುದಿಲ್ಲ. ಆದರೆ ದಯವಿಟ್ಟು ಅದಕ್ಕೆ ಬೇರೆ ಹೆಸರಿಡಿ.