ಸಿಟ್ಟಿಗೂ ಒಂದು ತಾಳ

ಹೆವಿ ಮೆಟಲ್ ಹಾಡಿಗೆ ಡಿಸ್ಕೊ ತಾಳ ಕೂಡಿಸಿದರೆ ಎರಡೂ ಕಡೆಯವರು ಮುಖ ಸಿಂಡರಿಸುತ್ತಾರೆ. ಕಪ್ಪು ಟೀ ಶರ್ಟಿನ ಮೆಟಲ್ ಭಕ್ತರಿಗೆ ತಮ್ಮ ಸಂಗೀತದ ಗಾಂಭೀರ್ಯ ಹಾಳಾಯಿತೆಂಬ ಸಂಕಟ. ಕುಣಿಯಲೆಂದು ಬಂದವರಿಗೆ ಮದುವೆ ಮನೆಯಲ್ಲಿ ಯಾರೋ ಜಗಳ ತೆಗೆದಂತೆ ಕಸಿವಿಸಿ. ಆದರೂ ಈ ಬೆರಕೆ ಇಂದಿಗೂ ನಿಂತಿಲ್ಲ. 1979ರಲ್ಲಿ ಅಮೆರಿಕದ ಕಿಸ್ ತಂಡ ‘ಐ ವಾಸ್ ಮೇಡ್ ಫಾರ್ ಲವಿನ್ ಯು’ ಎಂಬ ಹಾಡನ್ನು ಡಿಸ್ಕೊ ತಾಳಕ್ಕೆ ಕೂರಿಸಿತು. ಹಾಡು ಗೆದ್ದಿತು, ಹಳೆಯ ಅಭಿಮಾನಿಗಳು ಮಾತ್ರ ತಂಡ ತನ್ನನ್ನು ಮಾರಿಕೊಂಡಿತೆಂದು ಗೊಣಗಿದರು. 2018ರಲ್ಲಿ ಸ್ವೀಡನ್ನಿನ ಗೋಸ್ಟ್ ತಂಡ ‘ಡಾನ್ಸ್ ಮಕಾಬ್ರ್’ ಹಾಡಿನಲ್ಲಿ ಪ್ಲೇಗಿನ ಕಾಲದ ಸಾವಿನ ಕುಣಿತವನ್ನು ಕಾಲು ಸುಮ್ಮನಿರದಂಥ ತಾಳಕ್ಕೆ ಹಾಡಿತು. ಇದು ಸರಿಯೋ ತಪ್ಪೋ ಎಂಬ ಚರ್ಚೆ ಸಂಗೀತದ್ದೆಂದು ತೋರಿದರೂ ಅದರ ಬೇರು ಬೇರೆ ಕಡೆ ಇದೆ. ಒಳಗಿನ ನೋವನ್ನು, ಸಿಟ್ಟನ್ನು ನಾಲ್ಕು ಜನರ ನಡುವೆ ಹೇಗೆ ಇಡಬೇಕು ಎಂಬುದು ಅಲ್ಲಿರುವ ಪ್ರಶ್ನೆ.

ಮೆಟಲ್ಲಿನ ಭಾರ ಬಂದದ್ದೇ ಒಂದು ಗಾಯದಿಂದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿ ಟೋನಿ ಅಯೋಮಿ ಎಂಬ ಹುಡುಗ 17ನೇ ವಯಸ್ಸಿಗೆ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಕೆಲಸ ಬಿಡಬೇಕಿದ್ದ ಕೊನೆಯ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಎಡಚನಾದ ಅವನು ಗಿಟಾರಿನ ತಂತಿ ಒತ್ತುತ್ತಿದ್ದದ್ದು ಅದೇ ಬೆರಳುಗಳಿಂದ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ತೆಳುವಾದ ತಂತಿ ಕಟ್ಟಿದ, ಮುಂದೆ ತಂತಿಗಳ ಬಿಗಿತವನ್ನೂ ಸಡಿಲಿಸಿದ. ಶ್ರುತಿ ಕೆಳಗಿಳಿಯಿತು, ನಾದ ಮಂದ್ರವಾಯಿತು, ಕತ್ತಲಾಯಿತು. 1970ರಲ್ಲಿ ಅವನ ತಂಡ ಬ್ಲ್ಯಾಕ್ ಸ್ಯಾಬತ್ ಮೊದಲ ಆಲ್ಬಂ ತಂದಾಗ ಹೆವಿ ಮೆಟಲ್ ಕಣ್ಣುಬಿಟ್ಟಿತೆಂದು ಹೇಳುತ್ತಾರೆ. ಕೆಲಸಗಾರನ ಕೈ ಕಳೆದುಕೊಂಡದ್ದೇ ಒಂದು ಸಂಗೀತಕ್ಕೆ ಸ್ವರವಾಯಿತು.

ಡಿಸ್ಕೊ ಹುಟ್ಟಿದ್ದೂ ಸುಖದ ಅಂಗಳದಲ್ಲಲ್ಲ. ನ್ಯೂಯಾರ್ಕ್, ಫಿಲಡೆಲ್ಫಿಯಾಗಳ ಕಪ್ಪು ಜನ, ಲ್ಯಾಟಿನೋ ಜನ, ಸಲಿಂಗಿಗಳು, ಅಂದರೆ ಹಗಲಿನಲ್ಲಿ ತಲೆ ತಗ್ಗಿಸಿ ನಡೆಯಬೇಕಾಗಿದ್ದವರು, ರಾತ್ರಿ ಒಟ್ಟಿಗೆ ಕುಣಿಯಲು ಕಟ್ಟಿಕೊಂಡ ಸಂಗೀತ ಅದು. ಅದರ ಗುಟ್ಟು ಡ್ರಮ್ಮಿನಲ್ಲಿದೆ. ರಾಕ್ ಸಂಗೀತದ ನಾಲ್ಕೆಣಿಕೆಯಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಒತ್ತು ಬೀಳುತ್ತದೆ. ಮೆಟಲ್ ಬೆಳೆದಂತೆ ಲೆಕ್ಕ ಇನ್ನೂ ಬಿಗಿಯಾಯಿತು: ದಿಢೀರ್ ನಿಲುಗಡೆ, ನಡುವೆ ಗತಿ ಬದಲು. ಹಾಡು ಮೊದಲೇ ಗೊತ್ತಿದ್ದವನಿಗೆ ಮಾತ್ರ ತಲೆ ಎಲ್ಲಿ ಕುಣಿಸಬೇಕೆಂಬುದು ಗೊತ್ತು. ಡಿಸ್ಕೊದಲ್ಲಿ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮು ನಾಲ್ಕೂ ಎಣಿಕೆಗೆ ಒಂದೇ ತೂಕದಲ್ಲಿ ಬೀಳುತ್ತದೆ. ಫಿಲಡೆಲ್ಫಿಯಾದ ಅರ್ಲ್ ಯಂಗ್ 1973ರಲ್ಲಿ ‘ದ ಲವ್ ಐ ಲಾಸ್ಟ್’ ಎಂಬ ಹಾಡಿಗೆ ಹೀಗೆ ಬಾರಿಸಿದ; ಆಮೇಲೆ ಅದು ಲೋಕದ ತಾಳವಾಯಿತು. ಆದಿತಾಳದಲ್ಲಿ ಸಮ ಎಲ್ಲಿದೆಯೆಂದು ಬಲ್ಲವನು ಸಭೆಯಲ್ಲಿ ಧೈರ್ಯವಾಗಿ ತೊಡೆ ತಟ್ಟುತ್ತಾನೆ, ಅರಿಯದವನು ಕೈ ಕಟ್ಟಿ ಕೂರುತ್ತಾನೆ. ಇಲ್ಲಿ ಆ ಭಯವಿಲ್ಲ. ಯಾವ ಏಟಿನಲ್ಲಿ ಬೇಕಾದರೂ ಒಳಗೆ ಕಾಲಿಡಬಹುದು, ತಡವಾಗಿ ಬಂದವನಿಗೂ ಜಾಗವಿದೆ. ಹೃದಯ ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕೆಂದು ಕಲಿಸುವವರು, ವೇಗ ಕೈಗೆ ಕೂರಲೆಂದು ಬೀ ಜೀಸ್ ತಂಡದ 1977ರ ಡಿಸ್ಕೊ ಹಾಡು ‘ಸ್ಟೇಯಿಂಗ್ ಅಲೈವ್’ ಅನ್ನು ಮನಸ್ಸಿನಲ್ಲೇ ಹಾಡಿಕೊಳ್ಳಲು ಹೇಳುವುದುಂಟು. ಸಂಗೀತ ಕಲಿಯದವರ ಕೈಗೂ ತುರ್ತಿನಲ್ಲಿ ಒದಗುವಷ್ಟು ಸರಳ ತಾಳ ಅದು.

ಹಾಗೆಂದು ಡಿಸ್ಕೊದಲ್ಲಿ ಸಿಟ್ಟೇ ಇರಲಿಲ್ಲವೆಂದಲ್ಲ. 1977ರ ವರ್ಷಾಂತ್ಯದ ರಾತ್ರಿ ಶಿಕ್ ತಂಡದ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ನ್ಯೂಯಾರ್ಕಿನ ಹೆಸರಾಂತ ಕ್ಲಬ್ ‘ಸ್ಟುಡಿಯೊ 54’ರ ಬಾಗಿಲಿಗೆ ಹೋದರು. ಅವರನ್ನು ಕರೆದಿದ್ದವರು ಗಾಯಕಿ ಗ್ರೇಸ್ ಜೋನ್ಸ್. ಬಾಗಿಲಲ್ಲಿದ್ದವನು ಒಳಗೆ ಬಿಡಲಿಲ್ಲ. ಊರೆಲ್ಲ ಕುಣಿಯುವಂಥ ಸಂಗೀತ ಮಾಡುತ್ತಿದ್ದವರಿಗೇ ಬಾಗಿಲು ಮುಚ್ಚಿತ್ತು. ಮನೆಗೆ ಬಂದು ಗಿಟಾರು ಹಿಡಿದು, ಬಾಗಿಲು ಕಾಯುವವನನ್ನು ಬಾಯಿತುಂಬ ಬೈಯುತ್ತ ನುಡಿಸಿದರು. ಬೈಗುಳದ ಜಾಗಕ್ಕೆ ಆಮೇಲೆ ಬೇರೆ ಮಾತು ಕೂಡಿಸಿದರು. ಹೀಗೆ ಹುಟ್ಟಿದ ‘ಲೆ ಫ್ರೀಕ್’ 1978ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅವಮಾನ ಆ ಹಾಡಿನ ಒಳಗೆ ಹಾಗೇ ಇದೆ. ಬೈಗುಳವಾಗಿದ್ದರೆ ಕೇಳುತ್ತಿದ್ದವನು ಬಾಗಿಲವನೊಬ್ಬನೇ. ತಾಳ ಸಿಕ್ಕಿದ್ದರಿಂದ ಲಕ್ಷಾಂತರ ಜನ ಆ ಇಬ್ಬರ ಜೊತೆಗೆ ನಿಂತರು.

ತಾಳ ಸಿಗದ ಸಿಟ್ಟು ಹೇಗಿರುತ್ತದೆಂಬುದಕ್ಕೂ ಅದೇ ಕಾಲದ ಸಾಕ್ಷಿಯಿದೆ. ಕಿಸ್ ತಂಡದ ಹಾಡು ರೇಡಿಯೊಗಳಲ್ಲಿ ಮೊಳಗುತ್ತಿದ್ದ 1979ರ ಬೇಸಿಗೆ, ಜುಲೈ 12. ಷಿಕಾಗೋದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನ. ರಾಕ್ ರೇಡಿಯೊದ ಸ್ಟೀವ್ ಡಾಲ್ ಎಂಬಾತ ಡಿಸ್ಕೊ ಗ್ರಾಮಫೋನ್ ತಟ್ಟೆಗಳನ್ನು ತಂದವರಿಗೆ 98 ಸೆಂಟಿಗೆ ಒಳಗೆ ಪ್ರವೇಶವೆಂದು ಸಾರಿದ್ದ. ಎರಡು ಆಟಗಳ ನಡುವೆ ಆ ತಟ್ಟೆಗಳ ರಾಶಿಯನ್ನು ಸಿಡಿಮದ್ದಿಟ್ಟು ಉಡಾಯಿಸಿದರು. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು, ಪೊಲೀಸರು ಬಂದರು, ಎರಡನೆಯ ಆಟವನ್ನು ಊರಿನ ತಂಡ ಆಡದೆಯೇ ಸೋತಿತು. ಆ ರಾತ್ರಿ ಅಲ್ಲಿ ಜನರಿಗೆ ಕುರ್ಚಿ ತೋರಿಸುವ ಕೆಲಸದಲ್ಲಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗ, ಜನ ತಂದಿದ್ದ ತಟ್ಟೆಗಳಲ್ಲಿ ಡಿಸ್ಕೊ ಅಲ್ಲದವೂ ಬೇಕಾದಷ್ಟಿದ್ದದ್ದನ್ನು, ಅವುಗಳ ಮೇಲೆ ಕಪ್ಪು ಗಾಯಕರ ಮುಖಗಳಿದ್ದದ್ದನ್ನು ಮುಂದೆ ನೆನಪಿಸಿಕೊಂಡಿದ್ದಾನೆ. ಕಾರ್ಖಾನೆಯಲ್ಲಿ ಬೆರಳು ಕಳೆದುಕೊಂಡವರ ಸಂಗೀತವೂ ಕ್ಲಬ್ಬಿನ ಬಾಗಿಲಲ್ಲಿ ನಿಲ್ಲಿಸಲ್ಪಟ್ಟವರ ಸಂಗೀತವೂ ದಾಯಾದಿಗಳಾಗಬೇಕಿತ್ತು. ಒಂದರ ಅಭಿಮಾನಿಗಳು ಇನ್ನೊಂದನ್ನು ಸುಡಲು ಹೊರಟರು. ತನ್ನ ನೋವಿನ ಕಾರಣ ಎಲ್ಲೋ ಎತ್ತರದಲ್ಲಿದ್ದು ಕೈಗೆ ಎಟುಕದಾಗ, ಕೈಗೆಟುಕುವವನನ್ನೇ ಹೊಡೆಯುವ ಚಾಳಿ ಮನುಷ್ಯನಿಗೆ ಹಳೆಯದು.

ಉಡಾಯಿಸಿದ ತಾಳ ಸಾಯಲಿಲ್ಲ. 1984ರಲ್ಲಿ ಜೆಸ್ಸಿ ಸಾಂಡರ್ಸ್ ಜೊತೆ ಅದೇ ವಿನ್ಸ್ ಲಾರೆನ್ಸ್ ಬರೆದ ‘ಆನ್ ಅಂಡ್ ಆನ್’ ಷಿಕಾಗೋದಲ್ಲೇ ಹೊರಬಂತು; ಡಿಸ್ಕೊ ತಾಳದಿಂದ ಹುಟ್ಟಿದ ಹೌಸ್ ಸಂಗೀತದ ಮೊದಲ ತಟ್ಟೆಗಳಲ್ಲಿ ಅದೊಂದು. ನಾಲ್ಕು ಸಮ ಏಟಿನ ಆ ಮನೆತನದ ಮೊಮ್ಮಕ್ಕಳೇ ಇಂದು ನಮ್ಮ ಗಣೇಶೋತ್ಸವದ ಡಿಜೆ ಲಾರಿಗಳಲ್ಲಿ ಗುದ್ದುತ್ತಿರುವವರು.

ನಮ್ಮ ನೆಲದಲ್ಲಿ ಇವರಿಗೆಲ್ಲ ಹಿರಿಯ ಒಬ್ಬನಿದ್ದಾನೆ: ತಮಟೆ. ಬೆಂಗಳೂರು ಮೆಟಲ್ಲಿನ ಊರೆಂದು ಹೆಸರು ಮಾಡಿದೆ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂತು, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ಬಂತು, ಇಲ್ಲಿನದೇ ಕ್ರಿಪ್ಟೋಸ್ ತಂಡ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿತು. ಆದರೆ ಭಾರವನ್ನೂ ಕುಣಿತವನ್ನೂ ಒಂದೇ ಚರ್ಮದ ಮೇಲೆ ಬಾರಿಸುವ ವಿದ್ಯೆ ನಮ್ಮ ಕೇರಿಗಳಲ್ಲಿ ಅದಕ್ಕೆಷ್ಟೋ ಮೊದಲಿನಿಂದ ಇತ್ತು. ಬೆಂಕಿಗೆ ಹಿಡಿದು ಕಾಯಿಸಿ ಬಿಗಿಗೊಳಿಸಿದ ತಮಟೆ ಊರಹಬ್ಬದಲ್ಲಿ ಕುಣಿಸುತ್ತದೆ. ಹೆಣದ ಮುಂದೆಯೂ ಅದೇ ತಮಟೆ, ಅಲ್ಲಿಯೂ ಕುಣಿಯುವವರುಂಟು. ಅಳುವವರ ನಡುವೆ ಕುಣಿತವೇ ಎಂದು ಹೊರಗಿನವರು ಹುಬ್ಬೇರಿಸಬಹುದು. ಒಬ್ಬರಿಂದ ಹೊರಲಾಗದ ದುಃಖವನ್ನು ಬೀದಿಯವರೆಲ್ಲ ಸ್ವಲ್ಪ ಸ್ವಲ್ಪ ಹೊರುವ ಬಗೆ ಅದು. ದುಃಖ ಅಲ್ಲಿ ಹಗುರವಾಗುವುದಿಲ್ಲ, ಹಂಚಿಕೆಯಾಗುತ್ತದೆ.

ತಮಟೆಯನ್ನು ಹೊಗಳುವಾಗ ಒಂದು ಕಹಿ ಸತ್ಯವನ್ನೂ ನುಂಗಬೇಕು. ಅದರ ತಾಳಕ್ಕೆ ಊರೆಲ್ಲ ಕುಣಿಯಿತು, ಬಾರಿಸಿದವನನ್ನು ಮಾತ್ರ ಜಗಲಿ ಹತ್ತಿಸಲಿಲ್ಲ. ನ್ಯೂಯಾರ್ಕಿನ ಆ ಬಾಗಿಲಿಗೂ ನಮ್ಮ ಊರುಗಳ ಹೊಸ್ತಿಲಿಗೂ ಇರುವ ನಂಟು ಇದು. ಬಿಟ್ಟಿಯಾಗಿ ತಮಟೆ ಬಡಿಯಲಾರೆವೆಂದು ತಿರುಗಿಬಿದ್ದವರಿದ್ದರು. ಅದೇ ತಮಟೆಯನ್ನು ಹೋರಾಟದ ಮೆರವಣಿಗೆಯ ಮುಂದೆ ಹಿಡಿದವರೂ ಇದ್ದರು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಒಂದು ಬಾಗಿಲಾದರೂ ತೆರೆಯಿತು. ತಾಳ ಎಲ್ಲರನ್ನೂ ಕರೆಯುತ್ತದೆಂದ ಮಾತ್ರಕ್ಕೆ ಮನೆಯೂ ಕರೆಯುತ್ತದೆಂದಲ್ಲ. ಒಬ್ಬರ ಹಾಡಿಗೆ ಕುಣಿದವನಿಗೆ ಅವರ ಅನ್ನ, ಅವರ ಮಾನದ ವಿಚಾರದಲ್ಲಿ ಒಂದು ಋಣ ಉಳಿಯುತ್ತದೆ.

ಬೆಂಗಳೂರಿನ ಜೆ.ಪಿ. ನಗರದವರಿಗೆ ಹತ್ತಿರದ ಇನ್ನೊಂದು ಉದಾಹರಣೆ ಶಂಕರ್ ನಾಗ್. ಅವರು ನಿರ್ದೇಶಿಸಿ ನಟಿಸಿದ 1981ರ ‘ಗೀತಾ’ದಲ್ಲಿ ಇಳಯರಾಜ ಅವರ ತಾಳಕ್ಕೆ ಕನ್ನಡದ ಹುಡುಗರು ಹುಚ್ಚೆದ್ದು ಕುಣಿದರು. ಆ ಚಿತ್ರದ ಕಥೆಯಲ್ಲಿ ನಾಯಕಿಗೆ ಸಾವು ಹತ್ತಿರವಾಗುತ್ತಿರುತ್ತದೆ. ಕುಣಿತ ಸಾವನ್ನು ಮರೆಸಲಿಲ್ಲ, ಸಾವು ಕುಣಿತವನ್ನು ಸುಳ್ಳಾಗಿಸಲಿಲ್ಲ. 1990ರಲ್ಲಿ ಶಂಕರ್ ರಸ್ತೆ ಅಪಘಾತದಲ್ಲಿ ಹೋದರು. 2004ರಲ್ಲಿ ಅವರ ಹೆಸರಿನ ನಾಟಕಮಂದಿರ ರಂಗಶಂಕರ ಜೆ.ಪಿ. ನಗರದ ಎರಡನೇ ಹಂತದಲ್ಲಿ ಬಾಗಿಲು ತೆರೆಯಿತು. ನೋವಿಗೆ ಒಂದು ಲಯ ಸಿಕ್ಕಿ, ಜನ ಬಂದು ಕೂರುವ ಜಾಗವಾಯಿತು.

ಇಲ್ಲಿ ಒಂದು ಆಕ್ಷೇಪ ಏಳಬೇಕು, ಏಳಲಿ. ಒಂದೇ ತಾಳಕ್ಕೆ ಹೆಜ್ಜೆ ಹಾಕಿಸುವುದು ಅಷ್ಟು ಒಳ್ಳೆಯದೇ? ಸೈನ್ಯದ ಕವಾಯತೂ ಸಮ ಏಟಿನದೇ. ಪಕ್ಕದ ಬೀದಿಗೆ ಬೆಂಕಿ ಹಚ್ಚಲು ಹೊರಟ ಗುಂಪಿಗೂ ಘೋಷಣೆಯ ತಾಳ ಇರುತ್ತದೆ. ಹೌದು, ತಾಳಕ್ಕೆ ತನ್ನಷ್ಟಕ್ಕೆ ನೀತಿಯಿಲ್ಲ. ಆದ್ದರಿಂದ ನೋಡಬೇಕಾದದ್ದು ಎರಡು. ಗುರುತಿಲ್ಲದವನು ನಡುವೆ ಬಂದು ಸೇರಬಹುದೇ? ದಣಿದವನು ನಾಚಿಕೆಯಿಲ್ಲದೆ ಹೊರಗೆ ಹೋಗಬಹುದೇ? ಕವಾಯತು ಎರಡನ್ನೂ ಒಪ್ಪದು, ಕುಣಿತ ಎರಡನ್ನೂ ಒಪ್ಪುತ್ತದೆ. ಮೆಟಲ್ ಕಛೇರಿಗಳಲ್ಲಿ ಹುಡುಗರು ಒಬ್ಬರ ಮೇಲೊಬ್ಬರು ಬೀಳುತ್ತ ಸುತ್ತುವುದನ್ನು ಕಂಡು ಹಿರಿಯರು ಬೆಚ್ಚುತ್ತಾರೆ. ಆ ಸುಳಿಯಲ್ಲೂ ಒಂದು ಕಟ್ಟಳೆಯಿದೆ: ಯಾರಾದರೂ ನೆಲಕ್ಕೆ ಬಿದ್ದರೆ ಸುತ್ತಲಿನವರು ಆ ಕ್ಷಣವೇ ಕೈಕೊಟ್ಟು ಎತ್ತಬೇಕು. ಬಿದ್ದವನನ್ನು ಎತ್ತುವ ಸಿಟ್ಟಿಗೂ ತುಳಿದು ಹೋಗುವ ಸಿಟ್ಟಿಗೂ ಇರುವ ಅಂತರ ಸಣ್ಣದಲ್ಲ.

ಈ ಮಾತನ್ನು ಪುಟ್ಟೇನಹಳ್ಳಿಯಲ್ಲೇ ತೂಗಿ ನೋಡಬಹುದು. ಯಲಹಂಕದ ಪುಟ್ಟೇನಹಳ್ಳಿಯಲ್ಲ, ಜೆ.ಪಿ. ನಗರ ಏಳನೇ ಹಂತದ ಈ ಪುಟ್ಟೇನಹಳ್ಳಿ. ಇಲ್ಲಿನ ಸುಮಾರು 13 ಎಕರೆಯ ಕೆರೆ, ಸುತ್ತ ಬಡಾವಣೆಗಳು ಎದ್ದು ನೀರಿನ ದಾರಿಗಳು ಮುಚ್ಚಿಹೋಗಿ, ಕಸ ಸುರಿಯುವ ಗುಂಡಿಯಾಗುವ ಹಂತಕ್ಕೆ ಬಂದಿತ್ತು. ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಅದನ್ನು ದಿನಾ ನೋಡುವವರಿಗೆ ಸಿಟ್ಟು ಬರುವುದು ಸಹಜ. ಆ ಸಿಟ್ಟು ಯಾರನ್ನಾದರೂ ಬೈದು ತಣ್ಣಗಾಗಬಹುದಿತ್ತು. ಲೇಖಕಿ ಉಷಾ ರಾಜಗೋಪಾಲನ್ ಮತ್ತು ನೆರೆಹೊರೆಯವರು 2010ರಲ್ಲಿ ಪುಟ್ಟೇನಹಳ್ಳಿ ನೈಬರ್‌ಹುಡ್ ಲೇಕ್ ಇಂಪ್ರೂವ್‌ಮೆಂಟ್ ಟ್ರಸ್ಟ್ ಕಟ್ಟಿದರು. ಮರುವರ್ಷ ಬಿಬಿಎಂಪಿ ಒಪ್ಪಂದ ಮಾಡಿಕೊಂಡು ಕೆರೆಯ ನಿರ್ವಹಣೆಯನ್ನು ಅವರಿಗೆ ವಹಿಸಿತು. ಆಮೇಲಿನದೆಲ್ಲ ಬೇಸರ ಹುಟ್ಟಿಸುವಷ್ಟು ಒಂದೇ ಸಮನಾದ ಕೆಲಸ: ಕಸ ಹೆಕ್ಕುವುದು, ಕಳೆ ತೆಗೆಯುವುದು, ಸಸಿ ನೆಡುವುದು, ಕಚೇರಿಗೆ ಅರ್ಜಿ ಬರೆಯುವುದು, ಪಕ್ಕದ ವಸತಿ ಸಮುಚ್ಚಯದ ಸಂಸ್ಕರಿಸಿದ ನೀರು ಕೆರೆಗೆ ಬರುವಂತೆ ನೋಡಿಕೊಳ್ಳುವುದು. ಯಾವ ಏಟೂ ಇನ್ನೊಂದಕ್ಕಿಂತ ದೊಡ್ಡದಲ್ಲ. ಹೊಸದಾಗಿ ಬಾಡಿಗೆಗೆ ಬಂದವರೂ ಒಂದು ಬೆಳಿಗ್ಗೆ ಬಂದು ಕೈ ಹಾಕಬಹುದು. ನೀರು ನಿಂತಿತು, ಹಕ್ಕಿಗಳು ಬಂದವು.

ಇವತ್ತು ನಮ್ಮ ಸಿಟ್ಟಿಗೆ ವಾಟ್ಸಾಪ್ ಗುಂಪು ಬಹಳ ಸುಲಭವಾಗಿ ಸಿಗುತ್ತದೆ. ಡಿಜೆ ಸದ್ದಿನವರ ಮೇಲೆ, ಪಾರ್ಕಿಂಗಿನವರ ಮೇಲೆ, ಬೇರೆ ಭಾಷೆಯವರ ಮೇಲೆ, ಬೇರೆ ಬ್ಲಾಕಿನವರ ಮೇಲೆ ಬರೆದ ಒಂದು ಸಾಲಿಗೆ ಕ್ಷಣದಲ್ಲಿ ಇಪ್ಪತ್ತು ಹೆಬ್ಬೆರಳು ಏಳುತ್ತವೆ. ಅದನ್ನು ಜನಬೆಂಬಲವೆಂದು ತಿಳಿದು ಬೀಗುತ್ತೇವೆ. ಷಿಕಾಗೋದ ಮೈದಾನವೂ ಅಂದು ತುಂಬಿತ್ತು. ಸಿಟ್ಟು ಬಿಡಿ ಎಂದು ಉಪದೇಶಿಸುವುದು ನನಗೆ ಒಪ್ಪಿಗೆಯಿಲ್ಲ. ಕೆರೆ ಸಾಯುವಾಗ, ಕಲಾವಿದನನ್ನು ಬಾಗಿಲಲ್ಲಿ ನಿಲ್ಲಿಸಿದಾಗ ಸಿಟ್ಟು ಬಾರದವನು ಶಾಂತನಲ್ಲ, ಮಂದ. ಸಿಟ್ಟಿನ ಭಾರ ಒಂದಿಷ್ಟೂ ಕಡಿಮೆಯಾಗಬೇಕಿಲ್ಲ, ಅಯೋಮಿಯ ತಂತಿಯಷ್ಟೇ ಮಂದ್ರದಲ್ಲಿ ಮೊಳಗಲಿ. ಕೇಳಿಕೊಳ್ಳಬೇಕಾದದ್ದು ಇಷ್ಟು: ನನ್ನ ಈ ಸಿಟ್ಟಿನಲ್ಲಿ ನನಗೆ ಗೊತ್ತಿಲ್ಲದವನೊಬ್ಬ ನಾಳೆ ಬಂದು ಮಾಡಬಹುದಾದ ಕೆಲಸ ಏನಾದರೂ ಇದೆಯೇ? ಇದ್ದರೆ ಅದಕ್ಕೆ ತಾಳ ಸಿಕ್ಕಿದೆ. ಇಲ್ಲದಿದ್ದರೆ ಅದು ಹೊಡೆಯಲು ಒಬ್ಬನನ್ನು ಹುಡುಕುತ್ತಿದೆ, ಸಾಮಾನ್ಯವಾಗಿ ನಮ್ಮಷ್ಟೇ ಪೆಟ್ಟು ತಿಂದವನನ್ನು.